ಕುದುರೆ, ದನ ಮತ್ತು ಒಬ್ಬ ತಂದೆ

(ಬಳಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಯಾರ್ಕ್‌ಷೈರ್ ಎಂಬ ಸೀಮೆಯಿದೆ. ಅದರ ಪಶ್ಚಿಮಕ್ಕೆ ಪೆನೈನ್ ಬೆಟ್ಟಸಾಲಿನ ಕಣಿವೆಗಳು, ಪೂರ್ವಕ್ಕೆ ಹ್ಯಾಂಬಲ್ಟನ್ ಗುಡ್ಡಗಳು. ನಡುವಿನ ತಗ್ಗಿನಲ್ಲಿ ಥರ್ಸ್ಕ್ ಎಂಬ ಸಣ್ಣ ಸಂತೆಯೂರು. ಆ ಊರಿನ ಕರ್ಕ್‌ಗೇಟ್ ಬೀದಿಯ 23ನೇ ನಂಬರಿನ ಮನೆಗೆ 1940ರ ಜುಲೈ ತಿಂಗಳಲ್ಲಿ ಇಪ್ಪತ್ತಮೂರು ವರ್ಷದ ತರುಣ ಪಶುವೈದ್ಯರೊಬ್ಬರು ಕೆಲಸಕ್ಕೆ ಬಂದು ಸೇರಿದರು. ಅವರ ಹೆಸರು ಜೇಮ್ಸ್ ಆಲ್ಫ್ರೆಡ್ ವೈಟ್. ಬಲ್ಲವರೆಲ್ಲ ಆಲ್ಫ್ ಎಂದು ಕರೆಯುತ್ತಿದ್ದರು.

ಮುಂದೆ ಅವರು ಜೇಮ್ಸ್ ಹೆರಿಯಟ್ ಎಂಬ ಕಾವ್ಯನಾಮದಲ್ಲಿ ಕಥನಗಳನ್ನು ಬರೆದು ಲೋಕಪ್ರಸಿದ್ಧರಾದರು. ಆದರೆ ಇಂದಿನ ಮಾತಿನ ವಸ್ತು ಆ ಪ್ರಸಿದ್ಧ ಲೇಖಕರಲ್ಲ. ಸುಮಾರು ಐದು ದಶಕಗಳ ಕಾಲ ಕುದುರೆ ದನಗಳ ಸೇವೆಯಲ್ಲಿ ದುಡಿದ ಒಬ್ಬ ತಂದೆ ಮತ್ತು ಆ ತಂದೆಯನ್ನು ಮಗನೊಬ್ಬ ನೆನೆದ ಬಗೆ. ಮಗ ಜಿಮ್ ವೈಟ್ ಅವರೂ ಪಶುವೈದ್ಯರೇ. ತಂದೆಯ ಚಿಕಿತ್ಸಾಲಯದಲ್ಲಿಯೇ ತಂದೆಯೊಡನೆ ಸುಮಾರು ಎರಡು ದಶಕ ಕೆಲಸ ಮಾಡಿದವರು. 1995ರ ಫೆಬ್ರವರಿಯಲ್ಲಿ ತಂದೆ ತೀರಿಕೊಂಡ ಮೇಲೆ ಅವರು ಬರೆದ ‘ದ ರಿಯಲ್ ಜೇಮ್ಸ್ ಹೆರಿಯಟ್’ ಎಂಬ ಜೀವನಚರಿತ್ರೆ 1999ರಲ್ಲಿ ಹೊರಬಂದಿತು.

ದೂರದ ಚಳಿನಾಡಿನ ಈ ತಂದೆ ಮಕ್ಕಳ ಮಾತು ಮಲೆನಾಡಿನ ಸಭೆಗೆ ಏಕೆ ಬೇಕು ಎಂದು ಕೇಳಬಹುದು. ಹಟ್ಟಿ ತುಂಬ ದನ ಕಟ್ಟಿದ ತಲೆಮಾರು ಇಲ್ಲಿಯೂ ಮುಪ್ಪಿಗೆ ಸರಿಯುತ್ತಿದೆ. ಅವರ ಮಕ್ಕಳಲ್ಲಿ ಅನೇಕರು ಪಟ್ಟಣಗಳಲ್ಲಿದ್ದಾರೆ. ಅಂಥ ಹಿರಿಯರನ್ನು ಹೇಗೆ ನೆನೆಯಬೇಕು, ನೆನಪಿನಲ್ಲಿ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಮುಚ್ಚಿಡಬಾರದು ಎಂಬ ಪ್ರಶ್ನೆ ಇಲ್ಲಿನ ಪ್ರತಿಯೊಂದು ಮನೆಯ ಮುಂದಿದೆ. ಜಿಮ್ ವೈಟ್ ಅವರ ಪುಸ್ತಕ ಆ ಪ್ರಶ್ನೆಗೆ ಒಂದು ಪ್ರಾಮಾಣಿಕ ಉತ್ತರವನ್ನು ಕೊಡುತ್ತದೆ.

ಆಲ್ಫ್ ವೈಟ್ ಹಳ್ಳಿಯವರಾಗಿರಲಿಲ್ಲ. 1916ರಲ್ಲಿ ಸಂಡರ್‌ಲ್ಯಾಂಡ್ ಎಂಬ ಬಂದರು ಪಟ್ಟಣದಲ್ಲಿ ಹುಟ್ಟಿ, ಕೆಲವೇ ವಾರಗಳ ಕೂಸಾಗಿರುವಾಗ ಸ್ಕಾಟ್‌ಲ್ಯಾಂಡಿನ ಗ್ಲಾಸ್ಗೋ ನಗರಕ್ಕೆ ಹೋಗಿ ಅಲ್ಲಿಯೇ ಬೆಳೆದರು. ಮನೆಯಲ್ಲಿ ಒಂದು ನಾಯಿಯಿತ್ತು. ಬಾಲಕರ ಪತ್ರಿಕೆಯೊಂದರಲ್ಲಿ ಪಶುವೈದ್ಯ ವೃತ್ತಿಯ ಬಗ್ಗೆ ಓದಿ, ನಾಯಿಗಳ ವೈದ್ಯನಾಗಬೇಕೆಂದು ಆಸೆಪಟ್ಟು ಗ್ಲಾಸ್ಗೋ ಪಶುವೈದ್ಯ ಕಾಲೇಜನ್ನು ಸೇರಿದರು. ಅಲ್ಲಿ ಕಲಿಸುತ್ತಿದ್ದುದು ಮುಖ್ಯವಾಗಿ ಕುದುರೆಯ ಶಾಸ್ತ್ರ. ಕುದುರೆಯ ಎಲುಬು, ಕುದುರೆಯ ಕರುಳು, ಕುದುರೆಯ ಗೊರಸು ಇವೇ ಪಾಠ. ಉಳಿದ ಪ್ರಾಣಿಗಳು ಅದರ ಬಾಲ ಹಿಡಿದು ಬರುತ್ತಿದ್ದವು. ಒಂದು ಕಾಲದಲ್ಲಿ ನಗರದ ಸರಕೆಲ್ಲ ಕುದುರೆಯ ಬೆನ್ನ ಮೇಲೆ, ಕುದುರೆಯ ಗಾಡಿಯಲ್ಲಿ ಸಾಗುತ್ತಿದ್ದುದರಿಂದ ಪಶುವೈದ್ಯ ಎಂದರೆ ಕುದುರೆಯ ವೈದ್ಯ ಎಂದೇ ಅರ್ಥವಾಗಿತ್ತು. 1939ರ ಡಿಸೆಂಬರಿನಲ್ಲಿ ಅವರು ಪದವಿ ಪಡೆದು ಹೊರಬರುವ ವೇಳೆಗೆ ಆ ಕಾಲ ಮುಗಿಯುತ್ತಿತ್ತು. ಕಲಿತ ವಿದ್ಯೆಯ ಬುಡವೇ ಕಣ್ಣೆದುರು ಸವೆಯುತ್ತಿತ್ತು.

ಆದರೂ ಥರ್ಸ್ಕ್ ಸುತ್ತಿನ ಹೊಲಗಳಲ್ಲಿ ಆಗ ಕುದುರೆಗಳಿದ್ದವು. ಭಾರ ಎಳೆಯುವ, ಆಳೆತ್ತರದ, ಕಾಲ ತುದಿಯಲ್ಲಿ ಜೂಲು ಬಿಟ್ಟ ಶೈರ್ ಮತ್ತು ಕ್ಲೈಡ್ಸ್‌ಡೇಲ್ ತಳಿಯ ಕುದುರೆಗಳು. ನೇಗಿಲಿಗೂ ಅವೇ, ಹುಲ್ಲಿನ ಗಾಡಿಗೂ ಅವೇ. ಅವುಗಳಿಗೆ ಬರುವ ಕಾಯಿಲೆಗಳಲ್ಲಿ ಎರಡು ಅತಿ ಸಾಮಾನ್ಯ. ಒಂದು, ಗೊರಸಿನೊಳಗೆ ಕೀವು ತುಂಬುವುದು. ಕುಂಟುವ ಕುದುರೆಯ ಕಾಲನ್ನು ವೈದ್ಯ ತನ್ನ ಮೊಣಕಾಲಿನ ಮೇಲೆ ಎತ್ತಿಟ್ಟುಕೊಂಡು, ಬಾಗಿದ ಚೂರಿಯಿಂದ ಕಲ್ಲಿನಂಥ ಗೊರಸನ್ನು ಸ್ವಲ್ಪಸ್ವಲ್ಪವಾಗಿ ಹೆರೆಯುತ್ತಾ ಹೋಗಬೇಕು. ಕುದುರೆ ತನ್ನ ಭಾರವನ್ನೆಲ್ಲ ಅವನ ಬೆನ್ನಿನ ಮೇಲೆ ಹಾಕುತ್ತದೆ. ಬೆವರು ಹನಿಯುತ್ತಿರುವಾಗ ಒಂದು ಕಡೆ ಕಪ್ಪು ಗೆರೆ ಕಾಣುತ್ತದೆ. ಅದನ್ನು ಹಿಂಬಾಲಿಸಿದರೆ ಕೀವು ಚಿಮ್ಮಿ, ಪ್ರಾಣಿಗೆ ಆ ಕ್ಷಣದಲ್ಲಿಯೇ ನೋವು ಇಳಿಯುತ್ತದೆ. ಇನ್ನೊಂದು, ಹೊಟ್ಟೆಶೂಲೆ. ಕುದುರೆಗೆ ವಾಂತಿ ಮಾಡಲು ಬಾರದು. ಕರುಳು ತಿರುಚಿಕೊಂಡರೆ ನೆಲಕ್ಕೆ ಬಿದ್ದು ಹೊರಳುತ್ತದೆ. ಕಟ್ಟಿಕೊಂಡ ಕರುಳಿಗೂ ತಿರುಚಿದ ಕರುಳಿಗೂ ಇರುವ ವ್ಯತ್ಯಾಸವನ್ನು ವೈದ್ಯ ಕೈಯ ಸ್ಪರ್ಶದಿಂದ, ನಾಡಿಯಿಂದ, ಕಣ್ಣಿನ ಬಣ್ಣದಿಂದ ತಿಳಿಯಬೇಕು. ಮೊದಲನೆಯದಕ್ಕೆ ಔಷಧವಿದೆ. ಎರಡನೆಯದಕ್ಕೆ ಆ ಕಾಲದಲ್ಲಿ ಇದ್ದುದು ಒಂದು ಗುಂಡು ಮಾತ್ರ.

ಅಡಿಕೆಯ ನಾಡಿನವರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ಕಾಲದ ಕುದುರೆ ವೈದ್ಯರ ಚೀಲದಲ್ಲಿ ಅರೆಕೊಲಿನ್ ಎಂಬ ಚುಚ್ಚುಮದ್ದು ಇರುತ್ತಿತ್ತು. ಕರುಳನ್ನು ಬಲವಾಗಿ ಕದಲಿಸಿ ಭೇದಿ ಮಾಡಿಸುವ ಈ ಮದ್ದಿನ ಮೂಲ ಅಡಿಕೆ. ಮಲೆನಾಡಿನಂಥ ತೋಟಗಳಲ್ಲಿ ಬೆಳೆಯುವ ಒಂದು ಕಾಯಿಯ ಸಾರ, ಯಾರ್ಕ್‌ಷೈರಿನ ಲಾಯಗಳಲ್ಲಿ ನರಳುವ ಕುದುರೆಗಳಿಗೆ ಮದ್ದಾಗಿತ್ತು. ಬೆಟ್ಟಗಳು ಎಷ್ಟು ದೂರವಿದ್ದರೂ ಬದುಕಿನ ಎಳೆಗಳು ಎಲ್ಲೋ ಹೆಣೆದುಕೊಂಡಿರುತ್ತವೆ.

1946ರಿಂದ ಫರ್ಗುಸನ್ ಕಂಪನಿಯ ಬೂದುಬಣ್ಣದ ಸಣ್ಣ ಟ್ರ್ಯಾಕ್ಟರುಗಳು ಬಂದವು. ಹತ್ತು ವರ್ಷಗಳಲ್ಲಿ ಐದು ಲಕ್ಷಕ್ಕೂ ಹೆಚ್ಚು ತಯಾರಾದವು. ಸಣ್ಣ ಬೇಸಾಯಗಾರನ ಕೈಗೂ ಅದು ಎಟುಕಿತು. ಕುದುರೆ ಹೊಲದಿಂದ ಹೊರಟಿತು. 1943ರಲ್ಲಿ ಹುಟ್ಟಿದ ಜಿಮ್ ವೈಟ್ ಅವರ ಬಾಲ್ಯಕ್ಕೆ ದೊರೆತದ್ದು ಆ ಮೆರವಣಿಗೆಯ ಬಾಲ ಮಾತ್ರ. ಕುದುರೆ ಒಂದೇ ಹೋಗಲಿಲ್ಲ. ಲಾಳ ಕಟ್ಟುವ ಕಮ್ಮಾರನ ಕುಲುಮೆ ಆರಿತು. ಜೀನು, ಕಡಿವಾಣ, ಕೊರಳಪಟ್ಟಿ ಹೊಲಿಯುವ ಚರ್ಮದ ಕಸುಬು ನಿಂತಿತು. ಕುದುರೆಗೆಂದು ಓಟ್ಸ್ ಬಿತ್ತುತ್ತಿದ್ದ ಹೊಲಕ್ಕೆ ಬೇರೆ ಬೆಳೆ ಬಂತು. ಹೊಲದಲ್ಲಿಯೇ ಬೆಳೆದ ಮೇವಿನಿಂದ ನಡೆಯುತ್ತಿದ್ದ ಬೇಸಾಯ, ಹೊರಗಿನಿಂದ ಹಣ ಕೊಟ್ಟು ತರುವ ಎಣ್ಣೆಯನ್ನು ನಂಬಿತು. ಒಂದು ಪ್ರಾಣಿ ಬದುಕಿನಿಂದ ಸರಿದಾಗ ಅದರ ಹಿಂದೆ ಎಷ್ಟು ಬಾಗಿಲುಗಳು ಮುಚ್ಚುತ್ತವೆ ಎಂಬುದು ಆಮೇಲೆಯೇ ತಿಳಿಯುವುದು.

ಕುದುರೆ ಹೋದ ಮೇಲೆ ಉಳಿದದ್ದು ದನ. ಆಲ್ಫ್ ವೈಟ್ ಅವರ ಬದುಕಿನ ಬಹುಭಾಗ ಕಳೆದದ್ದು ದನದ ಕೊಟ್ಟಿಗೆಗಳಲ್ಲಿ. ಯಾರ್ಕ್‌ಷೈರಿನ ಚಳಿಗಾಲದ ರಾತ್ರಿ, ಹಿಮ ಮುಚ್ಚಿದ ದಾರಿ, ಬೆಟ್ಟದ ಮೇಲಿನ ಒಂಟಿ ಮನೆ, ಕರು ಅಡ್ಡಬಿದ್ದ ಹಸು. ಹಸುವಿನ ಒಳಗೆ ಭುಜದವರೆಗೆ ಕೈ ಹಾಕಬೇಕಾದುದರಿಂದ ಆ ಚಳಿಯಲ್ಲಿ ಅಂಗಿ ಬಿಚ್ಚಿ, ಸೋಪುನೀರಿನಲ್ಲಿ ತೋಳು ತೊಳೆದು, ಕಲ್ಲುಹಾಸಿನ ಮೇಲೆ ಮಲಗಿಕೊಳ್ಳಬೇಕು. ಒಳಗಿನ ಕರುವಿನ ತಲೆ ಹಿಂದಕ್ಕೆ ಮಡಚಿದೆಯೇ, ಕಾಲು ಯಾವುದು, ಮುಂಗಾಲೋ ಹಿಂಗಾಲೋ ಎಂಬುದನ್ನು ಬೆರಳ ತುದಿ ಕಾಣಬೇಕು. ಹಸು ಮುಕ್ಕಿದಾಗಲೆಲ್ಲ ತೋಳು ಮರಗಟ್ಟುತ್ತದೆ. ಗಂಟೆಗಟ್ಟಲೆ ಹೋರಾಡಿದ ಮೇಲೆ ಕರು ಹೊರಬಂದು, ತಲೆ ಕೊಡವಿ, ತಾಯಿ ಅದನ್ನು ನೆಕ್ಕತೊಡಗಿದಾಗ ಆ ಶ್ರಮದ ಕೂಲಿ ಸಂದಿತು ಎಂದರ್ಥ. ಮಲೆನಾಡಿನ ಹಳ್ಳಿಗಳಲ್ಲಿ ಕರು ಎಳೆಯುವ ಕೈಗುಣವುಳ್ಳವರನ್ನು ನಡುರಾತ್ರಿ ಕರೆಯಲು ಓಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮಕ್ಕಳು ಚಿಕ್ಕವರಿದ್ದಾಗಲೇ ತಂದೆಯೊಡನೆ ಕಾರಿನಲ್ಲಿ ಹೋಗುತ್ತಿದ್ದರು. ಗುಡ್ಡದ ದಾರಿಗಳಲ್ಲಿ ಅಡಿಗಡಿಗೆ ಬೇಲಿಯ ಗೇಟುಗಳು. ಇಳಿದು ತೆರೆಯುವುದು, ಕಾರು ದಾಟಿದ ಮೇಲೆ ಮುಚ್ಚುವುದು ಮಕ್ಕಳ ಕೆಲಸ. ಹೀಗೆ ಗೇಟು ತೆರೆಯುತ್ತಲೇ ಮಗ ತಂದೆಯ ವೃತ್ತಿಯೊಳಕ್ಕೆ ನಡೆದರು. ಮಗಳು ರೋಸಿಗೂ ಪಶುವೈದ್ಯೆಯಾಗುವ ಆಸೆಯಿತ್ತು. ತಂದೆ ಒಪ್ಪಲಿಲ್ಲ. ದೊಡ್ಡ ಪ್ರಾಣಿಗಳ ಜೊತೆಗಿನ ದುಡಿಮೆ ದೇಹವನ್ನು ಹೇಗೆ ಹಿಂಡುತ್ತದೆ ಎಂಬುದನ್ನು ಬಲ್ಲ ತಂದೆಯ ಕಳವಳ ಅದು. ಹೆಣ್ಣುಮಕ್ಕಳ ಶಕ್ತಿಯನ್ನು ಅರಿಯದ ಆ ಕಾಲದ ಮಿತಿಯೂ ಹೌದು. ಅವರು ಮನುಷ್ಯರ ವೈದ್ಯೆಯಾದರು. ಇನ್ನು ಮನೆಯಾಕೆ ಜೋನ್ ಅವರು. ಹೊತ್ತುಗೊತ್ತಿಲ್ಲದೆ ಬರುವ ದೂರವಾಣಿ ಕರೆಗಳಿಗೆ ಉತ್ತರಿಸುತ್ತಾ, ಆ ದೊಡ್ಡ ಹಳೆಯ ಮನೆಯ ನೆಲವನ್ನು ಉಜ್ಜುತ್ತಾ ಅವರು ಪಟ್ಟ ಶ್ರಮ ಕಡಿಮೆಯದಲ್ಲ. ದನಕಟ್ಟಿ ಬದುಕುವ ಮನೆಗಳಲ್ಲಿ ಹೆಸರು ಗಂಡಸಿನದು, ಬೆನ್ನುನೋವು ಹೆಂಗಸಿನದು ಎಂಬುದು ಎಲ್ಲ ನಾಡಿಗೂ ಒಂದೇ.

ಹಳೆಯದೆಲ್ಲ ಹೊನ್ನು ಎಂದು ಆಲ್ಫ್ ವೈಟ್ ಎಂದೂ ಭಾವಿಸಲಿಲ್ಲ. ಅವರು ಕೆಲಸ ಆರಂಭಿಸಿದಾಗ ದನಗಳಲ್ಲಿ ಕ್ಷಯ ವ್ಯಾಪಕವಾಗಿತ್ತು. ಕಾಯಿಸದ ಹಾಲಿನಿಂದ ಅದು ಮಕ್ಕಳಿಗೂ ಹರಡುತ್ತಿತ್ತು. ಪ್ರತಿಯೊಂದು ದನದ ಕುತ್ತಿಗೆಯ ಚರ್ಮಕ್ಕೆ ಟ್ಯುಬರ್ಕ್ಯುಲಿನ್ ಚುಚ್ಚಿ, ಮೂರು ದಿನ ಬಿಟ್ಟು ಮತ್ತೆ ಹೋಗಿ ಬಾವನ್ನು ಅಳೆದು ರೋಗವನ್ನು ಗುರುತಿಸಬೇಕಾಗಿತ್ತು. 1941ರ ನವೆಂಬರಿನಲ್ಲಿ ಮದುವೆಯಾದಾಗ ಈ ದಂಪತಿಗಳು ಹೋದದ್ದು ಕಾರ್ಪರ್ಬಿ ಎಂಬ ಕಣಿವೆಯ ಹಳ್ಳಿಗೆ; ಅಲ್ಲಿಯೂ ಮದುಮಗ ಹಗಲೆಲ್ಲ ದನಗಳ ಕ್ಷಯ ಪರೀಕ್ಷೆ ಮಾಡಿದರು. ಬಾವು ಕಂಡ ದನವನ್ನು ಕಡಿಯಲು ಕಳಿಸಬೇಕು. ಹತ್ತೇ ದನಗಳಿರುವ ಬಡ ಬೇಸಾಯಗಾರನ ಮುಂದೆ ನಿಂತು, ಎಲ್ಲಕ್ಕಿಂತ ಹೆಚ್ಚು ಹಾಲು ಕೊಡುವ ಹಸುವನ್ನೇ ಬೆರಳಿಟ್ಟು ತೋರಿಸಬೇಕಾದ ಕರ್ತವ್ಯ ವೈದ್ಯನದು. ಆದರೂ ಆ ಕಹಿ ಕೆಲಸದಿಂದಲೇ 1960ರ ವೇಳೆಗೆ ಇಡೀ ದೇಶದ ದನದ ಮಂದೆಗಳು ಪರೀಕ್ಷೆಗೆ ಒಳಪಟ್ಟವು. ಮಕ್ಕಳ ಹಾಲು ಸುರಕ್ಷಿತವಾಯಿತು. ಕಂದು ಹಾಕಿಸುವ ಬ್ರುಸೆಲ್ಲಾ ರೋಗ ವೈದ್ಯರನ್ನೂ ಬಿಡುತ್ತಿರಲಿಲ್ಲ. ಕಂದು ಹಾಕಿದ ಹಸುಗಳಿಗೆ ಶುಶ್ರೂಷೆ ಮಾಡುತ್ತಿದ್ದ ಆಲ್ಫ್ ವೈಟ್ ಅವರಿಗೂ ಅದು ಅಂಟಿ, ಆಗಾಗ ಜ್ವರದಿಂದ ಕಾಡಿತು.

ಹೊಸ ಔಷಧಗಳು ಬಂದಾಗ ಅವರು ಸಂತೋಷಪಟ್ಟರು. ಕರು ಹಾಕಿದ ಮೇಲೆ ಏಳಲಾಗದೆ, ಕುತ್ತಿಗೆಯನ್ನು ಪಕ್ಕೆಗೆ ಮಡಚಿ ಮಲಗಿದ ಹಸುವಿಗೆ ಹಿಂದಿನವರು ಕೆಚ್ಚಲಿಗೆ ಗಾಳಿ ತುಂಬುತ್ತಿದ್ದರು. ರಕ್ತದಲ್ಲಿ ಸುಣ್ಣದ ಅಂಶ ಇಳಿದಿರುವುದೇ ಕಾರಣವೆಂದು ತಿಳಿದ ಮೇಲೆ ಕ್ಯಾಲ್ಸಿಯಂ ಚುಚ್ಚುಮದ್ದು ಬಂತು. ಸತ್ತಿತೆಂದುಕೊಂಡ ಹಸು ಸ್ವಲ್ಪ ಹೊತ್ತಿನಲ್ಲಿಯೇ ಎದ್ದು ನಿಲ್ಲುತ್ತಿತ್ತು. ಸಲ್ಫಾ ಬಂತು, ಯುದ್ಧದ ನಂತರ ಪೆನಿಸಿಲಿನ್ ಬಂತು, ಕೆಚ್ಚಲುಬಾವಿನಿಂದ ಹಸುಗಳು ಉಳಿದವು. ಅದೇ ಮದ್ದನ್ನು ಮೇವಿನಲ್ಲಿ ಬೆರೆಸಿ ಆರೋಗ್ಯವಂತ ಪ್ರಾಣಿಗಳನ್ನು ಕೊಬ್ಬಿಸುವ ಚಾಳಿ ಬೆಳೆದು, 1969ರಲ್ಲಿ ಸ್ವಾನ್ ಸಮಿತಿ ಅದಕ್ಕೆ ಕಡಿವಾಣ ಬೇಕೆಂದು ಬ್ರಿಟಿಷ್ ಸರಕಾರಕ್ಕೆ ಹೇಳಬೇಕಾಯಿತು. ನೋವನ್ನು ಕಳೆಯಲು ಬಂದದ್ದು ಲಾಭವನ್ನು ಬೆಳೆಸುವ ಉಪಾಯವಾದದ್ದು ಹೀಗೆ.

ಈಗ ದನ ನಿಂತಿದ್ದ ನೆಲದ ಮಾತು. ಯಾರ್ಕ್‌ಷೈರಿನ ಕಣಿವೆಗಳಲ್ಲಿ, ಅದರಲ್ಲಿಯೂ ಸ್ವೇಲ್‌ಡೇಲ್‌ನಲ್ಲಿ, ಹುಲ್ಲುಗಾವಲಿನ ನಡುವೆಯೇ ಕಲ್ಲಿನ ಸಣ್ಣ ಕೊಟ್ಟಿಗೆಗಳಿವೆ. ಬೇಸಗೆಯಲ್ಲಿ ಕೊಯ್ದ ಹುಲ್ಲನ್ನು ಅಟ್ಟದ ಮೇಲೆ ತುಂಬಿ, ಚಳಿಗಾಲವಿಡೀ ಕೆಳಗೆ ನಾಲ್ಕಾರು ದನ ಕಟ್ಟಿ, ಅವುಗಳ ಗೊಬ್ಬರವನ್ನು ಅದೇ ಗಾವಲಿಗೆ ಹರಡುತ್ತಿದ್ದರು. ಆ ನೆಲದ ಹುಲ್ಲು ಆ ದನಕ್ಕೆ, ಆ ದನದ ಗೊಬ್ಬರ ಆ ನೆಲಕ್ಕೆ. ಹೂ ಬಿಟ್ಟು ಬೀಜ ಉದುರಿದ ಮೇಲೆಯೇ ಹುಲ್ಲು ಕೊಯ್ಯುತ್ತಿದ್ದುದರಿಂದ ಒಂದೊಂದು ಗಾವಲಿನಲ್ಲಿಯೂ ಹತ್ತಾರು ಜಾತಿಯ ಹೂಗಿಡಗಳಿದ್ದವು. ರಾಸಾಯನಿಕ ಗೊಬ್ಬರ ಬಂತು. ಹೂ ಬಿಡುವ ಮೊದಲೇ ಕೊಯ್ದು ಹುಳಿಮೇವು ಮಾಡುವ ಪದ್ಧತಿ ಬಂತು. ಆ ಸೀಮೆಯದೇ ಶಾರ್ಟ್‌ಹಾರ್ನ್ ತಳಿಯ ಜಾಗಕ್ಕೆ ಹೆಚ್ಚು ಹಾಲಿನ ಫ್ರೀಸಿಯನ್ ಬಂತು. 1930ರ ದಶಕದಿಂದ 1980ರ ದಶಕದೊಳಗೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಹೂವುಳ್ಳ ಹಳೆಯ ಗಾವಲುಗಳಲ್ಲಿ ಶೇಕಡ 97ರಷ್ಟು ಇಲ್ಲವಾದವು. ಅಂದರೆ ಆಲ್ಫ್ ವೈಟ್ ಅವರ ವೃತ್ತಿಜೀವನ ನಡೆದದ್ದೇ ಈ ಅಳಿವಿನ ನಡುವೆ. ಸೊಪ್ಪಿನಬೆಟ್ಟದ ಸೊಪ್ಪು, ದರಕು ಕೊಟ್ಟಿಗೆಗೆ ಬಂದು, ಮಲೆನಾಡು ಗಿಡ್ಡದ ಗೊರಸಿನಡಿ ಗೊಬ್ಬರವಾಗಿ, ಅಡಿಕೆ ಮರದ ಬುಡ ಸೇರುವುದನ್ನು ಕಂಡವರಿಗೆ ಆ ಕಲ್ಲಿನ ಕೊಟ್ಟಿಗೆಯ ಲೆಕ್ಕಾಚಾರ ಸುಲಭವಾಗಿ ಅರ್ಥವಾಗುತ್ತದೆ. ನಡುವಿನ ದನವನ್ನು ತೆಗೆದರೆ ಬೆಟ್ಟ ಒಂದು ಕಡೆ, ತೋಟ ಒಂದು ಕಡೆ.

ಹೀಗೆ ಎಲ್ಲವೂ ಕಣ್ಣೆದುರು ಕರಗುತ್ತಿರುವಾಗ, ಐವತ್ತರ ವಯಸ್ಸಿನ ಸುಮಾರಿಗೆ ಆಲ್ಫ್ ವೈಟ್ ಬರೆಯಲು ಕುಳಿತರು. ಮೊದಲ ಪುಸ್ತಕ 1970ರಲ್ಲಿ ಪ್ರಕಟವಾಯಿತು. ಪಶುವೈದ್ಯರು ತಮ್ಮ ಹೆಸರಿನ ಪ್ರಚಾರ ಮಾಡಿಕೊಳ್ಳಬಾರದೆಂಬ ವೃತ್ತಿನಿಯಮವಿದ್ದುದರಿಂದ, ಫುಟ್‌ಬಾಲ್ ಆಟಗಾರನೊಬ್ಬನ ಹೆಸರನ್ನು ಎರವಲು ಪಡೆದು ಜೇಮ್ಸ್ ಹೆರಿಯಟ್ ಆದರು. ಊರಿಗೆ ಡ್ಯಾರೋಬಿ ಎಂಬ ಕಲ್ಪಿತ ಹೆಸರಿಟ್ಟರು. 1978ರಿಂದ ಬಿಬಿಸಿ ಆ ಕಥನಗಳನ್ನು ದೂರದರ್ಶನದಲ್ಲಿ ತೋರಿಸಿತು. ಕೋಟಿಗಟ್ಟಲೆ ಪ್ರತಿಗಳು ಮಾರಾಟವಾದರೂ ಅವರು ಕೊಟ್ಟಿಗೆಯ ಕೆಲಸ ಬಿಡಲಿಲ್ಲ. ಮೊದಲು ಪಶುವೈದ್ಯ, ಆಮೇಲೆ ಬರಹಗಾರ ಎಂಬುದು ಅವರ ನಿಲುವಾಗಿತ್ತು.

ಆ ಪುಸ್ತಕಗಳಲ್ಲಿ ನಗುವಿದೆ, ಬಿಸಿಲಿದೆ, ಕಷ್ಟವಿದ್ದರೂ ಕೊನೆಗೆ ಸಮಾಧಾನವಿದೆ. ಓದಿದವರಿಗೆ ಆ ಬದುಕು ಸ್ವರ್ಗವೆಂದೇ ತೋರುತ್ತದೆ. ಮಗನ ಪುಸ್ತಕದ ಹಿರಿಮೆ ಇರುವುದು ಇಲ್ಲಿ. ಜಿಮ್ ವೈಟ್ ತಂದೆಯನ್ನು ಆಳವಾಗಿ ಪ್ರೀತಿಸಿದವರು. ಆದರೂ ಕಥನದಲ್ಲಿ ಕಾಲ 1937ಕ್ಕೆ ಸರಿದಿದ್ದರೆ ನಿಜದಲ್ಲಿ ಅದು 1940 ಎಂದು ತಿದ್ದಿದರು. ನಗಿಸುತ್ತಿದ್ದ ತಂದೆ 1960ರ ಸುಮಾರಿಗೆ ತೀವ್ರ ಖಿನ್ನತೆಗೆ ಒಳಗಾದದ್ದನ್ನೂ, ವಿದ್ಯುತ್ ಆಘಾತದ ಚಿಕಿತ್ಸೆ ಪಡೆಯಬೇಕಾಗಿ ಬಂದದ್ದನ್ನೂ, ಮೆಲ್ಲನೆ ಚೇತರಿಸಿಕೊಂಡದ್ದನ್ನೂ ಬರೆದರು. ಮುಚ್ಚಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಮುಚ್ಚಿಟ್ಟಿದ್ದರೆ ಓದುಗರಿಗೆ ಸಿಗುತ್ತಿದ್ದುದು ಒಂದು ಚಿತ್ರಪಟ ಮಾತ್ರ, ತಂದೆಯಲ್ಲ. ಅಷ್ಟು ಭಾರ ಹೊತ್ತ ಮನುಷ್ಯ ಮರುದಿನ ಬೆಳಗ್ಗೆ ಎದ್ದು ಮತ್ತೆ ಯಾರದೋ ಕೊಟ್ಟಿಗೆಗೆ ಹೋದರು ಎಂದು ತಿಳಿದಾಗಲೇ ಅವರ ಪ್ರೀತಿಯ ತೂಕ ತಿಳಿಯುವುದು.

ತಂದೆ ತೀರಿಕೊಂಡ ಆರು ವರ್ಷಗಳ ನಂತರ, 2001ರಲ್ಲಿ, ಬ್ರಿಟನ್ನಿನಲ್ಲಿ ಕಾಲುಬಾಯಿ ಜ್ವರ ಹಬ್ಬಿತು. ರೋಗವನ್ನು ತಡೆಯಲು ಅರವತ್ತು ಲಕ್ಷಕ್ಕೂ ಹೆಚ್ಚು ದನ, ಕುರಿ, ಹಂದಿಗಳನ್ನು ಕೊಲ್ಲಲಾಯಿತು. ಯಾರ್ಕ್‌ಷೈರಿನ ಕಣಿವೆಗಳಿಗೂ ರೋಗ ಬಂತು. ಆ ಬೇಸಗೆಯಲ್ಲಿ ಥರ್ಸ್ಕ್ ಸುತ್ತಿನ ಪ್ರದೇಶದಲ್ಲಿ ಬಿಗಿ ನಿರ್ಬಂಧ ಹೇರಲಾಯಿತು. ಲೆಕ್ಕದ ಪುಸ್ತಕದಲ್ಲಿ ಅದು ಒಂದು ಸಂಖ್ಯೆ. ಒಂದೊಂದು ದನದ ಸ್ವಭಾವ ಬಲ್ಲ, ಹುಟ್ಟುವಾಗ ಅದರ ಕಾಲು ಹಿಡಿದು ಎಳೆದ ಕೈಗಳಿಗೆ ಅದು ಸಂಖ್ಯೆಯಲ್ಲ. ಸಂಖ್ಯೆಯೊಂದಿಗೆ ಇಂಥ ನೆನಪನ್ನೂ ಇಟ್ಟುಕೊಂಡ ಸಮಾಜ ಮಾತ್ರ, ಮುಂದಿನ ಸಲ ಬೇರೆ ದಾರಿಯಿದೆಯೇ ಎಂದು ಕೇಳಬಲ್ಲದು.

ಮಲೆನಾಡಿನ ಎಷ್ಟೋ ಕೊಟ್ಟಿಗೆಗಳು ಇಂದು ಕಟ್ಟಿಗೆ ಒಟ್ಟುವ, ಬೈಕು ನಿಲ್ಲಿಸುವ ಜಾಗಗಳಾಗಿವೆ. ಅಲ್ಲಿ ದುಡಿದವರನ್ನು ಸಭೆಗಳಲ್ಲಿ ಹೊಗಳುವುದು ಸುಲಭ. ದೇಸಿ ದನ ದೇವರೆಂದು ಹೇಳಿ, ಸಗಣಿ ಬಾಚುವ ಕೆಲಸವನ್ನು ಇನ್ನೊಬ್ಬರಿಗೆ ಬಿಡುವುದೂ ಸುಲಭ. ಬರಿಯ ಹೊಗಳಿಕೆ ಮರೆವಿನ ಇನ್ನೊಂದು ರೂಪ. ಅದರ ಬದಲು ಅವರ ಬಳಿ ಕುಳಿತು ಕೇಳಬೇಕು. ಹಟ್ಟಿಯಲ್ಲಿದ್ದ ದನಗಳ ಹೆಸರೇನು? ಯಾವ ಸೊಪ್ಪು ಯಾವ ಕಾಯಿಲೆಗೆ, ಯಾವುದು ಫಲಿಸಿತು, ಯಾವುದು ಫಲಿಸಲಿಲ್ಲ? ಮಂದೆ ಕಾಯ್ದ ಹುಡುಗನಿಗೆ ಕೂಲಿ ಎಷ್ಟು ಕೊಡುತ್ತಿದ್ದರು, ಅವನು ಶಾಲೆಗೆ ಹೋಗಿದ್ದನೇ? ಸೊಪ್ಪಿನ ಹೊರೆ ಹೊತ್ತವರು ಯಾರು? ಕೊನೆಯ ದನವನ್ನು ಹೊಡೆದುಕೊಂಡು ಹೋದ ದಿನ ಮನೆಯಲ್ಲಿ ಯಾರು ಊಟ ಮಾಡಲಿಲ್ಲ? ಅಕ್ಕರೆ ಮತ್ತು ಅನ್ಯಾಯ ಎರಡನ್ನೂ ಬರೆದಿಡಬೇಕು. ಮುಂದೆ ಯಾರಾದರೂ ಮತ್ತೆ ದನ ಕಟ್ಟಲು ಹೊರಟರೆ ಅವರಿಗೆ ಎರಡೂ ಬೇಕಾಗುತ್ತವೆ. ಯಾವುದನ್ನು ಮರಳಿ ತರಬೇಕು, ಯಾವುದನ್ನು ತರಬಾರದು ಎಂದು ತಿಳಿಯುವುದು ಆಗ ಮಾತ್ರ.

ಕರ್ಕ್‌ಗೇಟಿನ ಆ 23ನೇ ನಂಬರಿನ ಮನೆ 1999ರಲ್ಲಿ ಜನ ಬಂದು ನೋಡುವ ವಸ್ತುಸಂಗ್ರಹಾಲಯವಾಯಿತು. ಅದೇ ವರ್ಷ ಮಗನ ಪುಸ್ತಕವೂ ಬಂತು. ಮನೆ ಸಾಮಾನುಗಳನ್ನು ಕಾಪಾಡಿತು. ಪುಸ್ತಕ ಮನುಷ್ಯನನ್ನು ಕಾಪಾಡಿತು. ಮಲೆನಾಡಿನ ಮನೆಗಳಲ್ಲಿ ನೊಗ, ಗಂಟೆ, ದಾಬು ಹಗ್ಗ ಇನ್ನೂ ಅಲ್ಲಲ್ಲಿ ಅಟ್ಟದ ಮೇಲಿವೆ. ಅವುಗಳ ಕತೆ ಹೇಳಬಲ್ಲವರು ಜಗಲಿಯ ಮೇಲೆ ಕುಳಿತಿದ್ದಾರೆ. ಈ ಮಳೆಗಾಲ ಮುಗಿಯುವುದರೊಳಗೆ ಅವರ ಪಕ್ಕದಲ್ಲಿ ಒಂದು ಚಾಪೆ ಹಾಸಿ ಕುಳಿತುಕೊಳ್ಳುವ ಬಿಡುವು ಅವರ ಮಕ್ಕಳಿಗೆ ದೊರೆಯಲಿ.